ನಿಂತ ಕೈಗಳು

ಆ ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿ ಇಟ್ಟ ಹೊಲಿಗೆ ಮಿಷನ್ನು, ಗೋಡೆಗೊಂದು ನಿಲುಗನ್ನಡಿ, ಇಸ್ತ್ರಿ ಮೇಜು, ಕೊರಳಲ್ಲಿ ಸದಾ ನೇತಾಡುವ ಟೇಪು. ಗಂಡ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಬಾಯಿ ಬಿಟ್ಟರೆ ಮುತ್ತು ಉದುರಿಹೋದೀತು ಎಂದು ಹೆದರಿದವನ ಹಾಗೆ ಇರುತ್ತಿದ್ದ. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಅವನ ತಾಯಿ ಇದ್ದಳು. ಮುಪ್ಪು ಅವಳ ಮಂಡಿಗೆ ಬಂದಿತ್ತೇ ಹೊರತು ನಾಲಿಗೆಗೆ ಬಂದಿರಲಿಲ್ಲ. ಇವರೆಲ್ಲರ ನಡುವೆ ಹನ್ನೆರಡು ವರ್ಷದ ಮಗಳು, ಗುಬ್ಬಿ.

ಗುಬ್ಬಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಆದರೆ ಅಷ್ಟು ಮಾತಾಡುವ ಹುಡುಗಿ ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಅವಳ ಕೈಗಳು ಒಂದು ಗಳಿಗೆಯೂ ಸುಮ್ಮನೆ ಕೂರುತ್ತಿರಲಿಲ್ಲ. ಅದಕ್ಕೇ ಆ ಹೆಸರು ಬಿದ್ದದ್ದು. ಮಗು ಇನ್ನೂ ಪುಟ್ಟದಿದ್ದಾಗ ಟೈಲರಮ್ಮ ಅವಳನ್ನು ಕಿವುಡು ಮಕ್ಕಳ ಶಾಲೆಗೆ ಸೇರಿಸಿ, ತಾನೂ ಅದೇ ಬೆಂಚಿನ ತುದಿಯಲ್ಲಿ ಮಂಡಿ ಮಡಚಿ ಕೂತು ಕೈಮಾತು ಕಲಿತಿದ್ದಳು. ಕೆಲವೇ ವರ್ಷಗಳಲ್ಲಿ ತಾಯಿ ಮಗಳು ಬೀದಿಯ ಈ ಕೊನೆಯಿಂದ ಆ ಕೊನೆಗೆ ಜಗಳವಾಡುವಷ್ಟು ಪಳಗಿದರು. ಗಂಡನಿಗೆ ಬರುತ್ತಿದ್ದದ್ದು ಬೆರಳೆಣಿಕೆಯ ಪದ: ಊಟ, ನಿದ್ದೆ, ಬಾ, ಸಾಕು. ಮಿಕ್ಕದ್ದಕ್ಕೆಲ್ಲ ಹೆಂಡತಿಯತ್ತ ಬೆರಳು ತೋರಿಸಿ ಪಾರಾಗುತ್ತಿದ್ದ. ಅತ್ತೆಗೆ ಅಷ್ಟೂ ಬಾರದು. ಅವಳು ಮೊಮ್ಮಗಳ ಜೊತೆ ಬಾಯಲ್ಲೇ, ಅದೂ ಜೋರಾಗಿ, ಮಾತಾಡುತ್ತಿದ್ದಳು. "ಅವಳಿಗೆ ಕೇಳ್ಸಲ್ಲ ಅತ್ತೆ" ಎಂದರೆ, "ನಿಮಗೆಲ್ಲ ಕೇಳ್ಸುತ್ತಲ್ಲ, ನನ್ನ ಮಾತು ಕೇಳ್ತೀರಾ ಯಾರಾದ್ರೂ?" ಎನ್ನುತ್ತಿದ್ದಳು.

ಹೀಗೆ ಗುಬ್ಬಿಯ ಲೋಕಕ್ಕೂ ಆ ಮನೆಗೂ ಇದ್ದದ್ದು ಒಂದೇ ಬಾಗಿಲು. ಅದು ಅವಳ ತಾಯಿ.

ಆ ವರ್ಷ ಶಾಲೆಯ ನಾಟಕದಲ್ಲಿ ಗುಬ್ಬಿಗೆ ರಾಣಿಯ ಪಾತ್ರ ಸಿಕ್ಕಿತು. ನೆರಿಗೆಯ ಮೇಲೆ ನೆರಿಗೆ ಇರುವ ಗೌನೇ ಬೇಕೆಂದು ಹಟ ಹಿಡಿದಳು. ಟೈಲರಮ್ಮನಿಗೆ ಕೆಲವು ದಿನಗಳಿಂದ ತಲೆಯ ಹಿಂಭಾಗ ಸಿಡಿಯುತ್ತಿತ್ತು. 'ಇವತ್ತು ಬೇಡ ಕಣೇ, ನಾಳೆ ಹೊಲಿದು ಕೊಡ್ತೀನಿ' ಎಂದು ಕೈಯಾಡಿಸಿದರೆ, 'ನಿನ್ನ ನಾಳೆ ಯಾವತ್ತು ಬರುತ್ತೆ? ನಾಟಕ ಮುಗಿದ ಮೇಲಾ?' ಎಂದು ಮಗಳು ಮುಖ ಊದಿಸಿದಳು. ಮಕ್ಕಳ ಮುಖ ಬಾಡಿದರೆ ಯಾವ ತಾಯಿಯ ತಲೆನೋವು ನಿಲ್ಲುತ್ತದೆ? ಮಾತ್ರೆ ನುಂಗಿ ಕೂತಳು. ಕೊನೆಯ ಅಂಚು ಮಡಿಸಿ ಹೊಲಿಯುತ್ತಿದ್ದಾಗ ಹಣೆ ಮಿಷನ್ನಿನ ಮೇಲೆ ಬಿತ್ತು. ಗುಬ್ಬಿ ಎದುರಿಗೇ ಇದ್ದಳು.

ಆಸ್ಪತ್ರೆಯಲ್ಲಿ, ಮಿದುಳಿನ ಹಿಂಭಾಗದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಬದುಕಿದರೆ ಪುಣ್ಯ ಎಂದೂ ಅಂದರು. ಅವಳು ಬದುಕಿದಳು.

ಎಚ್ಚರವಾದಾಗ ಮೊದಲು ಕಂಡದ್ದು ಬಾಗಿಲಲ್ಲಿ ನಿಂತ ನರ್ಸು. ಆಮೇಲೆ ನರ್ಸು ಮಂಚದ ಪಕ್ಕದಲ್ಲಿದ್ದಳು. ನಡೆದು ಬಂದದ್ದು ಮಾತ್ರ ಇಲ್ಲ. ಔಷಧಿಯ ಮಂಪರಿರಬೇಕು ಎಂದುಕೊಂಡಳು ಟೈಲರಮ್ಮ. ನರ್ಸು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಫ್ಲಾಸ್ಕಿನ ಬಾಯಿಗೂ ಲೋಟಕ್ಕೂ ನಡುವೆ ಚಹಾ ಕಂದುಬಣ್ಣದ ಗಾಜಿನ ಕಡ್ಡಿಯ ಹಾಗೆ ನಿಂತಿತ್ತು. ಅದು ಬೀಳುತ್ತಿರಲಿಲ್ಲ, ಏರುತ್ತಿರಲಿಲ್ಲ. ನೋಡುತ್ತಿದ್ದಂತೆ ಲೋಟ ತುಂಬಿತ್ತು. ನಡುವಿನದೆಲ್ಲ ಎಲ್ಲಿ ಹೋಯಿತು?

ಗಂಡ ಮಗಳನ್ನು ಕರೆತಂದ. ಗುಬ್ಬಿ ಬಾಗಿಲಲ್ಲಿದ್ದವಳು ಎದೆಯ ಮೇಲಿದ್ದಳು, ಅಳುತ್ತಿದ್ದಳು. ಆಮೇಲೆ ಎದ್ದು ಕೂತು ಮಾತಿಗೆ ಶುರುಮಾಡಿದಳು. ಮಗಳ ಕೈ ಗಲ್ಲದ ಹತ್ತಿರ ಇತ್ತು. ಆಮೇಲೆ ಎದೆಯ ಹತ್ತಿರ ಇತ್ತು. ಆಮೇಲೆ ಎರಡೂ ಕೈ ಗಾಳಿಯಲ್ಲಿ, ಬೆರಳು ಅಗಲಿಸಿ, ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಾಗೆ ನಿಂತಿದ್ದವು. ಕೈಯಿತ್ತು, ಬೆರಳಿತ್ತು, ಉಗುರಿನ ಕೆಳಗಿನ ಶಾಯಿಯ ಕಲೆ ಕೂಡ ಇತ್ತು. ಮಾತಿರಲಿಲ್ಲ.

ಕೈಮಾತಿನಲ್ಲಿ ಕೈ ಎಲ್ಲಿದೆ ಎನ್ನುವುದಕ್ಕಿಂತ ಎಲ್ಲಿಂದ ಎಲ್ಲಿಗೆ ಹೋಯಿತು ಎನ್ನುವುದೇ ಜೀವ. ಎದೆಯಿಂದ ಮುಂದಕ್ಕೆ ಹೋದರೆ 'ಕೊಡುತ್ತೇನೆ', ಮುಂದಿನಿಂದ ಎದೆಗೆ ಬಂದರೆ 'ಕೊಡು'. ನಡುದಾರಿಯಲ್ಲಿ ನಿಂತ ಕೈ ಕೊಡುತ್ತಿದೆಯೋ ಬೇಡುತ್ತಿದೆಯೋ ಹೇಳುವವರು ಯಾರು? ಗುಬ್ಬಿಯ ಹುಬ್ಬು ಮೇಲೆದ್ದಿತ್ತು. ಹುಬ್ಬು ಎದ್ದರೆ ಪ್ರಶ್ನೆ, ಅಷ್ಟು ಗೊತ್ತಾಯಿತು. ಟೈಲರಮ್ಮ ನಕ್ಕು, ಹೌದೆಂದು ತಲೆಯಾಡಿಸಿದಳು. ಮಗಳ ಮುಖ ಅರಳಿತ್ತು. ಸದ್ಯ, ಈ ಸಲ ಬಚಾವು.

ಕಣ್ಣಿನ ಡಾಕ್ಟರು ಬಂದು ಅಕ್ಷರದ ಹಲಗೆ ಓದಿಸಿದರು. ಕೊನೆಯ ಸಾಲಿನ ಇರುವೆಯಂಥ ಅಕ್ಷರವನ್ನೂ ಅವಳು ತಡವರಿಸದೆ ಓದಿದಳು. "ಹದ್ದಿನ ಕಣ್ಣಮ್ಮ ನಿಮ್ಮದು" ಎಂದರು.

"ಡಾಕ್ಟರೇ, ಜನ ನಡೀತಾ ಇಲ್ಲ" ಎಂದಳು ಅವಳು.

"ನಡೀತಾ ಇಲ್ಲ ಅಂದ್ರೆ?"

"ಇಲ್ಲಿರ್ತಾರೆ. ಆಮೇಲೆ ಅಲ್ಲಿರ್ತಾರೆ. ಮಧ್ಯೆ ಇರೋದೇ ಇಲ್ಲ."

ಡಾಕ್ಟರು ಮೆಕ್ಯಾನಿಕ್‌ನ ಮುಖ ನೋಡಿದರು. ಮೆಕ್ಯಾನಿಕ್ ಡಾಕ್ಟರ ಮುಖ ನೋಡಿದ. "ದೊಡ್ಡ ಕಾಯಿಲೆಯಿಂದ ಎದ್ದಿದ್ದಾರೆ, ನಿದ್ದೆ ಚೆನ್ನಾಗಿ ಆಗ್ಲಿ" ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಿಸಿತು. ಪಕ್ಕದ ಮಂಚದಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದ ಹೆಂಗಸನ್ನು ಆ ಬೆಳಿಗ್ಗೆಯಷ್ಟೇ ಬೇರೆ ಕಟ್ಟಡಕ್ಕೆ ಕರೆದೊಯ್ದಿದ್ದರು. ಅವಳೂ ಹೋಗುವಾಗ ತಾನು ಚೆನ್ನಾಗಿದ್ದೇನೆಂದೇ ಕೂಗುತ್ತಿದ್ದಳು. ಟೈಲರಮ್ಮ ಬಾಯಿಗೆ ಬೀಗ ಹಾಕಿಕೊಂಡಳು.

ಮನೆಗೆ ಬಂದ ಮೇಲೆ ಬದುಕು ಕಣ್ಣುಮುಚ್ಚಾಲೆಯಾಯಿತು. ನೀರು ಬಗ್ಗಿಸಿದರೆ ಲೋಟ ತುಂಬಿದ್ದು ಕಾಣದೆ ಮೇಜು, ನೆಲ, ಕಾಲು ಎಲ್ಲ ಒದ್ದೆ. ಅತ್ತೆ "ಏನಮ್ಮಾ, ಮನೆಯೊಳಗೇ ಹೊಳೆ ತರ್ತೀಯಾ?" ಎಂದು ನಕ್ಕರೆ ತಾನೂ ನಗುತ್ತಿದ್ದಳು. ಆಮೇಲೆ ಲೋಟದೊಳಗೆ ಬೆರಳಿಟ್ಟುಕೊಂಡು, ಬೆರಳು ತಣ್ಣಗಾದೊಡನೆ ನಿಲ್ಲಿಸುವುದನ್ನು ಕಲಿತಳು. ಮನೆಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಓಡಾಡಿದರೆ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಯಾರು ಯಾವಾಗ ಎಲ್ಲಿ ಮೂಡುತ್ತಾರೋ ತಿಳಿಯದು. ಹೊಲಿಗೆಗೆ ಕೂತಳು. ಮಿಷನ್ನು ಓಡುವ ಸದ್ದು ಕಿವಿಗೆ ಬರುತ್ತಿತ್ತು, ಬಟ್ಟೆ ಬೆರಳ ಕೆಳಗೆ ಜಾರುವುದು ತಿಳಿಯುತ್ತಿತ್ತು, ಕಣ್ಣಿಗೆ ಮಾತ್ರ ಸೂಜಿ ಅಲ್ಲಾಡುತ್ತಲೇ ಇರಲಿಲ್ಲ. ಅಲ್ಲಾಡದ ಸೂಜಿಯನ್ನು ನಂಬಿ ಬೆರಳು ಮುಂದೆ ಹೋಯಿತು. ಉಗುರಿನ ಮೂಲಕ ಸೂಜಿ ಇಳಿದಾಗ ಕಿರುಚಲಿಲ್ಲ. ಬಟ್ಟೆ ಚೂರು ಸುತ್ತಿಕೊಂಡು, "ಕೈ ನಡುಗುತ್ತೆ, ಇನ್ನೂ ಸ್ವಲ್ಪ ದಿನ ಹೊಲಿಗೆ ಬೇಡ" ಎಂದು ಬಾಗಿಲಿಗೆ ಬಂದ ಗಿರಾಕಿಗಳನ್ನು ವಾಪಸ್ಸು ಕಳಿಸಿದಳು.

ಇದೆಲ್ಲವನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಗುಬ್ಬಿಯ ಮಾತು. ಶಾಲೆಯಿಂದ ಬಂದವಳೇ ಚೀಲ ಎಸೆದು, ಆಸ್ಪತ್ರೆಯ ದಿನಗಳಲ್ಲಿ ಕೂಡಿಟ್ಟ ಸುದ್ದಿಯನ್ನೆಲ್ಲ ತಾಯಿಯ ಮುಂದೆ ಸುರಿಯುತ್ತಿದ್ದಳು. ಟೈಲರಮ್ಮ ಕಣ್ಣು ಕೀಲಿಸಿ, ಉಸಿರು ಬಿಗಿಹಿಡಿದು, ಒಂದು ಚಿತ್ರಕ್ಕೂ ಇನ್ನೊಂದು ಚಿತ್ರಕ್ಕೂ ಗಂಟು ಹಾಕಲು ನೋಡುತ್ತಿದ್ದಳು. ಒಂದು ಕೈ ಹಣೆಯಲ್ಲಿ. ಮುಷ್ಟಿ. ಬೆರಳು ಬಾಗಿಲ ಕಡೆ. ನಗು. ಯಾವ ಗಂಟೂ ಬೀಳುತ್ತಿರಲಿಲ್ಲ. ಗುಬ್ಬಿ ನಕ್ಕರೆ ತಾನು ನಗುವುದು, ಮುಖ ಸಪ್ಪಗಿದ್ದರೆ ತಾನೂ ಸಪ್ಪಗಾಗುವುದು, ಹುಬ್ಬೆತ್ತಿದರೆ ಹೌದೆನ್ನುವುದು. ಹೌದೆಂದರೆ ಮಕ್ಕಳಿಗೆ ಬೇಜಾರಾಗುವ ಪ್ರಶ್ನೆ ಯಾವುದಿದ್ದೀತು?

ಹೇಳಿಬಿಡಬಹುದಿತ್ತಲ್ಲ ಎಂದು ಕೇಳುವವರು ಕೇಳಬಹುದು. ಅವಳ ಕೈ ಆಡುತ್ತಿತ್ತು. ಬರೆದು ತೋರಿಸಲೂ ಬರುತ್ತಿತ್ತು. ಆದರೆ ಏನೆಂದು ಹೇಳುವುದು? ಮಗಳೇ, ನಿನಗೆ ಲೋಕದಲ್ಲಿದ್ದ ಒಂದೇ ಕಿವಿಯೂ ಹೋಯಿತು ಎಂದೇ? ಇವತ್ತಲ್ಲ ನಾಳೆ ಸರಿಹೋಗಬಹುದು, ಬೆಳಿಗ್ಗೆ ಎದ್ದಾಗ ಹರಿಯುವುದೆಲ್ಲ ಮತ್ತೆ ಹರಿಯಬಹುದು ಎಂಬ ಆಸೆಯೂ ಇತ್ತು. ದಿನಾ ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿಯೇ ಕೈಯನ್ನು ಕಣ್ಣ ಮುಂದೆ ಆಡಿಸಿ ನೋಡುತ್ತಿದ್ದಳು. ಕೈ ಇಲ್ಲಿತ್ತು. ಕೈ ಅಲ್ಲಿತ್ತು.

ಒಂದು ಸಂಜೆ ಗುಬ್ಬಿ ಚೀಲ ಎಸೆಯಲಿಲ್ಲ. ಮೆಲ್ಲಗೆ ಬಂದು ಎದುರಿಗೆ ನೆಲದ ಮೇಲೆ ಕೂತಿದ್ದಳು. ಏನೋ ಕೇಳಿದಳು. ಹುಬ್ಬು ಮೇಲಿತ್ತು, ತುಟಿ ಬಿಗಿದಿತ್ತು. ಒಂದು ಕೈ ತನ್ನ ಎದೆಯ ಮೇಲೆ, ಇನ್ನೊಂದು ತಾಯಿಯ ಕಡೆಗೆ ಚಾಚಿ ನಿಂತಿತ್ತು. ಟೈಲರಮ್ಮ ಮುಗುಳ್ನಕ್ಕು ಹೌದೆಂದಳು. ಗುಬ್ಬಿ ಇನ್ನೊಮ್ಮೆ ಕೇಳಿದಳು. ಅವಳು ಇನ್ನೂ ಜೋರಾಗಿ ತಲೆಯಾಡಿಸಿ, ಮಗಳ ಕೆನ್ನೆ ತಟ್ಟಿದಳು.

ಅವತ್ತಿನಿಂದ ಗುಬ್ಬಿ ಮಾತು ಬಿಟ್ಟಳು. ಬರುವಳು, ಉಣ್ಣುವಳು, ಗೋಡೆಗೆ ಮುಖ ಮಾಡಿ ಮಲಗುವಳು. ಕೈಗಳು ಅಂಗಿಯ ಜೇಬಿನಿಂದ ಹೊರಗೇ ಬರಲಿಲ್ಲ. ಟೈಲರಮ್ಮನಿಗೆ ದಿಗಿಲಾಗಬೇಕಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ನಿರಾಳವಾಗಿತ್ತು. ಪರೀಕ್ಷೆ ಇಲ್ಲದ ದಿನ ದಡ್ಡ ಹುಡುಗನಿಗೆ ಆಗುವಂಥ ನಿರಾಳ.

ಆಮೇಲೊಂದು ದಿನ ಶಾಲೆ ಬಿಡುವ ಹೊತ್ತು ಮೀರಿ, ಬೀದಿದೀಪ ಹೊತ್ತಿದರೂ ಗುಬ್ಬಿ ಮನೆಗೆ ಬರಲಿಲ್ಲ. ಮೆಕ್ಯಾನಿಕ್ ಎಲ್ಲೋ ದೂರದ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಕೆಳಗಿದ್ದ; ಫೋನು ಹತ್ತಲಿಲ್ಲ. ಮಗಳ ಕಪಾಟು ತೆರೆದರೆ ಎರಡು ಜೊತೆ ಬಟ್ಟೆ ಇರಲಿಲ್ಲ, ಹಲ್ಲುಜ್ಜುವ ಬ್ರಷ್ಷೂ ಇರಲಿಲ್ಲ.

"ಬೆಳಿಗ್ಗೆ ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದ್ಲು ಕಣೇ" ಎಂದಳು ಅತ್ತೆ. "ಯಾವತ್ತೂ ಕೊಡದವಳು. ನಾನು ಮುದುಕಿ, ಖುಷಿಪಟ್ಟೆ. ಶಾಲೆ ಹಾಸ್ಟೆಲ್ಲಲ್ಲಿ ಗೆಳತಿ ಇದ್ದಾಳಲ್ಲ, ಅಲ್ಲಿಗೇನಾದ್ರೂ... ನೀನು ಏನಾದ್ರೂ ಅಂದ್ಯಾ ಮಗೂಗೆ?"

"ನಾನೇನೂ ಅಂದಿಲ್ಲ ಅತ್ತೆ" ಎಂದಳು. ಏನೆಂದಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಹಾಸ್ಟೆಲ್ಲಿನ ಕಡೆ ಹೋಗುವ ಬಸ್ಸು ಹೆದ್ದಾರಿಯ ಆಚೆ ಬದಿಯಲ್ಲಿ ನಿಲ್ಲುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಟೈಲರಮ್ಮ ಬೀದಿಯ ತಿರುವು ದಾಟಿರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟಳು. ತಿರುವಿನ ತನಕ ಗೋಡೆ ಹಿಡಿದು ಹೋದಳು. ಹೆದ್ದಾರಿಯ ಅಂಚಿಗೆ ಬಂದು ನಿಂತಳು.

ರಸ್ತೆಯ ತುಂಬ ವಾಹನಗಳು ನಿಂತಿದ್ದವು. ಕಾರುಗಳು, ಬಸ್ಸುಗಳು, ಸಾಲು ಸಾಲು ಬೈಕುಗಳು, ಎಲ್ಲ ದೀಪ ಹೊತ್ತಿಸಿಕೊಂಡು ಪ್ರದರ್ಶನಕ್ಕಿಟ್ಟ ಹಾಗೆ ನಿಂತಿದ್ದವು. ದೂರದ ಕಂಬದ ಹತ್ತಿರ ಒಂದು ಬಿಳಿ ಕಾರು ಕಂಡಿತು. ದಾಟಬಹುದು ಎಂದು ಹೆಜ್ಜೆ ಎತ್ತಿದಳು. ಬಿಳಿ ಕಾರು ಮೂಗಿನ ಮುಂದಿತ್ತು. ಬ್ರೇಕು ಕಿರುಚಿತು, ಗಾಳಿಗೆ ಸೆರಗು ಹಾರಿ ಮುಖಕ್ಕೆ ಬಡಿಯಿತು. "ಕಣ್ಣು ಕಾಣ್ಸಲ್ವೇನಮ್ಮಾ?" ಎಂದು ಯಾರೋ ಗದರಿದ.

ಕಾಣಿಸುತ್ತಿತ್ತು. ಆ ಕಾರಿನ ನಂಬರಿನ ಮೇಲೆ ಕೂತ ಧೂಳು ಕೂಡ ಕಾಣಿಸುತ್ತಿತ್ತು. ಹಿಂದಕ್ಕೆ ಸರಿದು ಅಂಚಿನ ಕಲ್ಲಿನ ಮೇಲೆ ಕುಸಿದಳು. ಆಚೆ ಬದಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ನೀಲಿ ಅಂಗಿಯ ಹುಡುಗಿಯೊಬ್ಬಳು ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ಗುಬ್ಬಿ! ಕೂಗಿ ಏನು ಫಲ? ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಸುತ್ತಲಿನವರೆಲ್ಲ ತಿರುಗಿ ನೋಡಿದರು, ಅವಳೊಬ್ಬಳನ್ನು ಬಿಟ್ಟು. ಎರಡೂ ಕೈ ಎತ್ತಿ ಬೀಸಿದಳು. ಗುಬ್ಬಿ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ನಿಲ್ದಾಣದ ಮುಂದೆ ಬಸ್ಸೊಂದು ಇತ್ತು, ಗುಬ್ಬಿ ಅದರ ಹಿಂದೆ ಮರೆಯಾಗಿದ್ದಳು.

ಆ ಗಳಿಗೆಯಲ್ಲಿ ಟೈಲರಮ್ಮ ಕಣ್ಣು ಮುಚ್ಚಿದಳು. ಉಪಾಯ ಹೊಳೆದು ಮುಚ್ಚಿದ್ದಲ್ಲ, ನೋಡಲಾರದೆ ಮುಚ್ಚಿದ್ದು. ಮುಚ್ಚಿದ ಕೂಡಲೇ ರಸ್ತೆಗೆ ಜೀವ ಬಂತು. ಬಲಗಡೆಯಿಂದ ಒಂದು ಗುರುಗುಟ್ಟುವಿಕೆ ಹತ್ತಿರವಾಯಿತು, ದೊಡ್ಡದಾಯಿತು, ಮುಂದೆ ಹಾದು ಎಡಕ್ಕೆ ತೆಳುವಾಗುತ್ತ ಹೋಯಿತು. ಅದು ಹೋಯಿತು! ಇಷ್ಟು ದಿನ ಯಾವುದೂ ಹೋದದ್ದನ್ನು ಕಂಡಿರದವಳಿಗೆ, ಒಂದು ಲಾರಿ ಬಂದು ಹೋದದ್ದು ಕಿವಿಯಲ್ಲಿ ಸ್ಪಷ್ಟವಾಗಿ ಕಂಡಿತು. ಇನ್ನೊಂದು ಬಂತು, ಹೋಯಿತು. ಆಮೇಲೆ ಸ್ವಲ್ಪ ತೆರಪು. ಕಣ್ಣು ಮುಚ್ಚಿಯೇ ಅವಳು ರಸ್ತೆಗಿಳಿದಳು. ಎಡಗಡೆ ಏನೋ ಬೆಳೆಯುತ್ತಿತ್ತು, ನಿಂತಳು. ಬಿಸಿಗಾಳಿ ಎದೆ ಸವರಿ ಹೋಯಿತು, ನಡೆದಳು. ಯಾರೋ ಹಾರನ್ ಒತ್ತಿ ಹಿಡಿದರು, ಯಾರೋ ಅವಳ ತಾಯಿಯನ್ನೇ ಬೈದರು. ಕಾಲಿಗೆ ಕಲ್ಲಿನಂಚು ತಾಕಿ ಮುಗ್ಗರಿಸಿ ಬಿದ್ದಾಗಲೇ ಆಚೆ ದಡ ಸೇರಿದ್ದು ತಿಳಿದದ್ದು.

ಬಸ್ಸು ಹೋಗಿತ್ತು. ಬೆಂಚಿನ ಮೇಲೆ ಗುಬ್ಬಿ ಹಾಗೇ ಇದ್ದಳು. ಬೆಳಿಗ್ಗೆಯಿಂದ ಎಷ್ಟು ಬಸ್ಸು ಬಿಟ್ಟಿದ್ದಳೋ. ಹೋಗಲೂ ಮನಸ್ಸಿಲ್ಲ, ಮನೆಗೆ ಮರಳಲೂ ಮುಖವಿಲ್ಲ.

ತಾಯಿಯನ್ನು ಕಂಡು ಗುಬ್ಬಿ ಎದ್ದು ನಿಂತಿದ್ದಳು. ಜೇಬಿನಿಂದ ಕೈಗಳು ಹೊರಗೆ ಬಂದಿದ್ದವು. ಅಷ್ಟು ದಿನ ಕಟ್ಟಿಟ್ಟ ಮಾತೆಲ್ಲ ಒಡ್ಡು ಒಡೆದು ಬಂದಿರಬೇಕು. ಟೈಲರಮ್ಮನಿಗೆ ಕಂಡದ್ದು ಚೂರುಗಳು. ಒದ್ದೆ ಕೆನ್ನೆ. ತಲೆಯ ಮೇಲೆ ಎರಡು ಮುಷ್ಟಿ. ಬೆರಳು ಎದೆಗೆ. ಬೆರಳು ರಸ್ತೆಗೆ. ಎತ್ತಿದ ಹುಬ್ಬು. ಒಗ್ಗೂಡಿಸಲು ನೋಡಿದಷ್ಟೂ ಚೆಲ್ಲಾಪಿಲ್ಲಿ. ತಡೆಯಲಾರದೆ ಮುನ್ನುಗ್ಗಿ ಮಗಳ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

ಕಿವುಡು ಮಗುವಿನ ಕೈ ಹಿಡಿಯುವುದೆಂದರೆ ಬಾಯಿ ಮುಚ್ಚಿಸುವುದು. ಮನೆಯಲ್ಲಿ ಯಾರೂ, ಎಷ್ಟೇ ಸಿಟ್ಟು ಬಂದರೂ, ಅದನ್ನು ಮಾಡಿರಲಿಲ್ಲ. ಗುಬ್ಬಿ ಗಂಟಲಿನಿಂದ ಒಂದು ಒರಟು ಸದ್ದು ಹೊರಡಿಸಿ ಕೈ ಕಿತ್ತುಕೊಂಡಳು.

'ನನಗೆ ಕಾಣ್ತಾ ಇಲ್ಲ' ಎಂದು ಟೈಲರಮ್ಮ ಕೈಯಾಡಿಸಿದಳು. ತನ್ನ ಕೈ ಆಡುವುದು ತನಗೇ ಕಾಣದಿದ್ದರೂ ತೋಳು ಬಲ್ಲ ದಾರಿಯಲ್ಲಿ ಅದು ತಾನಾಗಿ ಆಡಿತು. 'ಕೈ ಕಾಣುತ್ತೆ, ಮಾತು ಕಾಣಲ್ಲ. ಎಲ್ಲ ನಿಂತುಬಿಟ್ಟಿದೆ. ಆಸ್ಪತ್ರೆಯಿಂದ ಹೀಗೇ. ನೀನು ಹೇಳಿದ್ದು ಒಂದೂ ನನಗೆ ಅರ್ಥ ಆಗಿಲ್ಲ. ಸುಮ್ಮನೆ ಹೌದು ಹೌದು ಅಂತಿದ್ದೆ. ಹೆದರಿಕೆ ಆಗಿತ್ತು.'

ಗುಬ್ಬಿ ಏನೋ ಹೇಳಿದಳು. ಕೈ ಗಾಳಿಯಲ್ಲಿ ನಿಂತಿತ್ತು. ಟೈಲರಮ್ಮ ತಲೆಯಲ್ಲಾಡಿಸಿದಳು, ಈ ಸಲ ಅಡ್ಡಡ್ಡ. 'ಇಲ್ಲ. ಗೊತ್ತಾಗ್ತಾ ಇಲ್ಲ.' ಇದ್ದ ಒಂದು ಸುಳ್ಳಿನ ಆಸರೆಯೂ ತಪ್ಪಿದ ಮೇಲೆ ಏನು ಮಾಡುವುದೆಂದು ತಿಳಿಯದೆ ಅಳುತ್ತ ನಿಂತಳು. ಬಸ್ಸಿಗೆ ಕಾದ ಜನ ನೋಡುತ್ತಿದ್ದರು.

ದಾರಿ ಮೊದಲು ಹೊಳೆದದ್ದು ಯಾರಿಗೆಂದು ಹೇಳುವುದು ಕಷ್ಟ. ಗುಬ್ಬಿಯ ಕೈ ಹಿಡಿದಾಗ, ಆ ಒಂದು ಗಳಿಗೆ, ಅಂಗೈಯ ಕೆಳಗೆ ಆ ಕೈಗಳು ಮಿಸುಕಾಡಿದ್ದು ಟೈಲರಮ್ಮನಿಗೆ ಗೊತ್ತಾಗಿತ್ತು. ಮಿಷನ್ನಿನ ಕೆಳಗೆ ಬಟ್ಟೆ ಜಾರಿದ್ದು ಗೊತ್ತಾಗುತ್ತಿದ್ದ ಹಾಗೆ. ಅವಳು ಮತ್ತೆ ಕೈ ಚಾಚಿದಳು. ಈ ಸಲ ಹಿಡಿಯಲಿಲ್ಲ. ಮಗಳ ಕೈಗಳ ಮೇಲೆ ತನ್ನ ಕೈಗಳನ್ನು ಹಗುರಾಗಿ ಇಟ್ಟು, ಕಣ್ಣು ಮುಚ್ಚಿ, ಕಾದಳು.

ಆಮೇಲೆ ಆ ಕೈಗಳು ಎದ್ದವು, ತನ್ನ ಕೈಗಳನ್ನೂ ಹೊತ್ತುಕೊಂಡು. ಒಂದು ಗುಬ್ಬಿಯ ಎದೆಗೆ ತಾಕಿತು: 'ನಾನು'. ಎರಡು ಬೆರಳು ಕೊಂಡಿ ಹಾಕಿಕೊಂಡವು: 'ಕಾರಣ'. ಬೆರಳು ಅಲ್ಲಿಂದ ಹರಿದು, ನಿಜವಾಗಿ ಹರಿದು, ತಾಯಿಯ ಎದೆಯ ಮಧ್ಯಕ್ಕೆ ಬಂದು ಒತ್ತಿತು: 'ನಿನಗೆ'. ಆಮೇಲೆ 'ಕಾಯಿಲೆ'. ಆಮೇಲೆ 'ಗೌನು'.

ಗೌನು ಹೊಲಿ ಅಂತ ಹಟ ಮಾಡಿದೆ, ಅದಕ್ಕೇ ನಿನಗೆ ಹೀಗಾಯ್ತಾ, ನನ್ನಿಂದಾನಾ? ಮಗು ಕೇಳಿದ್ದು ಅದನ್ನು. ಅವಳು ಮುಗುಳ್ನಕ್ಕು ಹೌದೆಂದಿದ್ದಳು. ಎರಡು ಸಲ. ಕೆನ್ನೆ ಬೇರೆ ತಟ್ಟಿದ್ದಳು.

ಟೈಲರಮ್ಮ ಬಸ್ ನಿಲ್ದಾಣದ ನೆಲದ ಮೇಲೆ ಕೂತುಬಿಟ್ಟಳು. ಗುಬ್ಬಿಯನ್ನು ಮಡಿಲಿಗೆ ಎಳೆದುಕೊಂಡು, ಅವಳ ಅಂಗೈಯೊಳಗೇ 'ಅಲ್ಲ' ಎಂದಳು. 'ಅಲ್ಲ, ಅಲ್ಲ, ಅಲ್ಲ.' ಎಷ್ಟು ಸಲವೆಂದು ಲೆಕ್ಕ ಇಡುವವರು ಅಲ್ಲಿ ಯಾರೂ ಇರಲಿಲ್ಲ.

ರಾತ್ರಿ ಮನೆಗೆ ಬಂದ ಗಂಡನಿಗೆ ಎಲ್ಲ ಹೇಳಿದಳು. ಅವನು ಗ್ರೀಸು ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳುತ್ತ, "ಆಸ್ಪತ್ರೇಲೇ ಹೇಳಿದ್ದೆ ನೀನು. ನಾನು ಡಾಕ್ಟರ ಮುಖ ನೋಡಿದೆ, ನಿನ್ನ ಮುಖ ನೋಡಲಿಲ್ಲ" ಎಂದ. ಮರುದಿನವೇ ರಜೆ ಹಾಕಿ, ಮಿದುಳಿನ ಡಾಕ್ಟರಮ್ಮನ ಬಳಿಗೆ ಕರೆದೊಯ್ದ.

ಆ ಡಾಕ್ಟರಮ್ಮ ಅವಸರದವಳಲ್ಲ. ಕಣ್ಣು ಮುಚ್ಚಿಸಿ ತೋಳಿನ ಮೇಲೆ ಪೆನ್ನಿನ ಹಿಂಬದಿ ಎಳೆದು, ಯಾವ ಕಡೆಗೆ ಹೋಯಿತೆಂದು ಕೇಳಿದಳು. ಟೈಲರಮ್ಮ ಎಲ್ಲ ಸರಿಯಾಗಿ ಹೇಳಿದಳು. ಡಾಕ್ಟರಮ್ಮ ಬೆನ್ನ ಹಿಂದೆ ಬೀಗದ ಕೈ ಗೊಂಚಲು ಕುಲುಕುತ್ತ ನಡೆದಳು; ಅದು ಯಾವ ಕಡೆಗೆ ಹೋಯಿತೆಂದೂ ಟೈಲರಮ್ಮ ಹೇಳಿದಳು. ಆಮೇಲೆ ಡಾಕ್ಟರಮ್ಮ ಪರದೆಯ ಮೇಲೆ ಒಂದು ಚುಕ್ಕಿ ತೋರಿಸಿದಳು. "ಈಗ ಎಡಗಡೆ ಇದೆ. ಈಗ ಬಲಗಡೆ ಇದೆ" ಎಂದಳು ಟೈಲರಮ್ಮ. "ಹೋಗಿದ್ದು?" "ಹೋಗ್ಲಿಲ್ಲ."

"ಅಮ್ಮಾ, ನಿಮಗೆ ಹುಚ್ಚಿಲ್ಲ" ಎಂದಳು ಡಾಕ್ಟರಮ್ಮ ಮೊಟ್ಟಮೊದಲಿಗೆ. ಅದನ್ನು ಕೇಳಿಯೇ ಟೈಲರಮ್ಮನ ಭುಜ ಇಳಿಯಿತು. "ಕಣ್ಣು ಬರೀ ಬಾಗಿಲು. ನೋಡೋ ಕೆಲಸ ನಡೆಯೋದು ತಲೆಯ ಹಿಂಭಾಗದಲ್ಲಿ. ಅಲ್ಲೂ ಎಲ್ಲ ಒಂದೇ ಕಡೆ ಅಲ್ಲ. ಬಣ್ಣ ನೋಡೋದಕ್ಕೆ ಒಂದು ಜಾಗ, ಮುಖ ಗುರುತಿಸೋದಕ್ಕೆ ಇನ್ನೊಂದು, ಚಲನೆ ನೋಡೋದಕ್ಕೇ ಬೇರೆ ಒಂದು. ನಿಮಗೆ ಎರಡೂ ಪಕ್ಕದಲ್ಲಿ ಆ ಚಲನೆಯ ಜಾಗಕ್ಕೇ ಪೆಟ್ಟು ಬಿದ್ದಿದೆ. ಒಂದು ಪಕ್ಕ ಉಳಿದಿದ್ರೂ ಇಷ್ಟು ಕಷ್ಟ ಆಗ್ತಿರಲಿಲ್ಲ. ತುಂಬಾ ಅಪರೂಪ ಇದು."

"ಮತ್ತೆ ನಿಮಗೆಲ್ಲ ಹರಿಯೋದು ಕಾಣುತ್ತಲ್ಲ..."

"ಕಾಣಿಸೋ ಹಾಗೆ ನಮ್ಮ ಮಿದುಳು ಮಾಡಿಕೊಡುತ್ತೆ. ಮಾಡ್ತಿದೆ ಅಂತ ನಮಗೆ ಗೊತ್ತೂ ಆಗಲ್ಲ, ಕೆಲಸ ಅಷ್ಟು ನಾಜೂಕು. ನಿಂತಾಗಲೇ ಗೊತ್ತಾಗೋದು."

ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ. "ಅಂದ್ರೆ ಎಂಜಿನ್ ಚೆನ್ನಾಗಿದೆ. ಒಂದು ಗೇರ್ ಹೋಗಿದೆ."

"ಹಾಗೇ ಅಂದ್ಕೊಳ್ಳಿ."

"ಬದಲಾಯಿಸೋಕಾಗುತ್ತಾ?"

"ಇಲ್ಲ" ಎಂದಳು ಡಾಕ್ಟರಮ್ಮ. ಕಿಟಕಿಯ ಆಚೆ ಮರವೊಂದು ಗಾಳಿಗೆ ತೂಗುತ್ತಿರಬೇಕು, ಎಲೆಗಳ ಸದ್ದು ಬರುತ್ತಿತ್ತು. ಟೈಲರಮ್ಮನಿಗೆ ಅದು ಗೋಡೆಗಂಟಿಸಿದ ಚಿತ್ರ.

ಹೊಲಿಗೆ ಮಿಷನ್ನನ್ನು ಮಾರಿದರು. ಈಗವಳು ಗುಂಡಿ, ಕಾಜಾ, ಕೈಹೊಲಿಗೆ ಮಾಡುತ್ತಾಳೆ. ಅದರಲ್ಲಿ ಸೂಜಿಯನ್ನು ನೋಡಬೇಕಿಲ್ಲ. ಕೈಯಲ್ಲಿ ಕೈಯಿಟ್ಟು ಮಾತಾಡುವುದು ತಾಯಿ ಮಗಳಿಗೆ ಬಂತು, ಆದರೆ ಮೊದಲಿನ ಹಾಗಲ್ಲ. ಓಡುತ್ತಿದ್ದ ಮಾತು ತೆವಳಲು ಶುರುವಾಯಿತು. ಗುಬ್ಬಿ ಟೀಚರನ್ನು ಅಣಕಿಸುವಾಗ ಮುಖದಲ್ಲಿ, ಭುಜದಲ್ಲಿ ಕುಣಿಯುತ್ತಿದ್ದ ನಗೆಯಲ್ಲಿ ಅರ್ಧ ಅಂಗೈಗೆ ಬರುವುದಿಲ್ಲ. ಗೆಳತಿಯರು ಮನೆಗೆ ಬಂದರೆ ಅವರ ನಡುವೆ ಟೈಲರಮ್ಮ ಕಲ್ಲುಗೊಂಬೆಗಳ ಮಧ್ಯೆ ಕೂತ ಹಾಗೆ ಕೂರುತ್ತಾಳೆ. ಮೆಕ್ಯಾನಿಕ್ ಶಾಲೆಯ ಬೆಂಚಿನ ತುದಿಗೆ ಹೋಗಿ ಕೂತ. ಲಾರಿಯ ನಟ್ಟು ಬಿಗಿಯುವ ಬೆರಳು ಅಷ್ಟು ಸುಲಭಕ್ಕೆ ಬಾಗುತ್ತವೆಯೇ? ಒಂದು ದಿನ ಮಗಳಿಗೆ 'ಚೆನ್ನಾಗಿ ಓದು' ಎನ್ನಲು ಹೋಗಿ 'ಚೆನ್ನಾಗಿ ಕಚ್ಚು' ಎಂದ. "ನೋಡೋ, ನಾನು ಬಾಯಲ್ಲೇ ಹೇಳೋದು ಇದಕ್ಕೇ" ಎಂದಳು ಅತ್ತೆ.

ಹದಿಮೂರು ತುಂಬಿದಾಗ ಗುಬ್ಬಿ ಸೈಕಲ್ಲು ಕೇಳಿದಳು. ಟೈಲರಮ್ಮ ಖಂಡಿತ ಬೇಡ ಎಂದಳು. ಕಿವಿ ಕೇಳದ ಮಗು ಆ ರಸ್ತೆಯಲ್ಲಿ? ಗುಬ್ಬಿ ತಾಯಿಯ ಅಂಗೈಯಲ್ಲಿ ವಾದಿಸಿದಳು, ಬೇಡಿದಳು, ಕೊನೆಗೆ ಕೈ ಕಿತ್ತುಕೊಂಡು ಕೋಣೆಯ ಆ ಮೂಲೆಗೆ ಹೋಗಿ ನಿಂತಳು. ಅಲ್ಲಿಂದಲೇ ಕೈಯಾಡಿಸಿ ಬೈಯತೊಡಗಿದಳು, ತಾಯಿಗೆ ತಿಳಿಯದೆಂದು ಗೊತ್ತಿದ್ದೂ. ಟೈಲರಮ್ಮನಿಗೆ ಕೆಂಪೇರಿದ ಮುಖ ಕಂಡಿತು, ಎತ್ತಿದ ಕೈ ಕಂಡಿತು. ಅವಳು ತಲೆಯಾಡಿಸಲಿಲ್ಲ. ಎರಡೂ ಅಂಗೈ ಮೇಲೆ ಮಾಡಿ ಮಡಿಲಲ್ಲಿಟ್ಟುಕೊಂಡು ಕೂತಳು. ಕೂತೇ ಇದ್ದಳು. ಕಾಯುವುದು ಎಷ್ಟು ಕಷ್ಟ. ಮಗಳು ಬರುತ್ತಿದ್ದಾಳೋ ಹೋಗುತ್ತಿದ್ದಾಳೋ ಎನ್ನುವುದೂ ಕಾಣದವಳಿಗೆ ಇನ್ನೆಷ್ಟು ಕಷ್ಟ! ಕಡೆಗೆ ಅಂಗೈಗೆ ಬಿಸಿ ಬೆರಳುಗಳು ತಾಕಿದವು. ಅವು ಸಿಟ್ಟಿನಲ್ಲೇ ಇದ್ದವು, ಪಟಪಟನೆ ಬಡಿಯುತ್ತಿದ್ದವು. 'ನಿನಗೆ ಹೆದರಿಕೆ ಅಂತ ನಾನು ನಿಂತಲ್ಲೇ ನಿಲ್ಲಬೇಕಾ?'

'ಅಪ್ಪ ಬರಲಿ, ಕೇಳೋಣ' ಎಂದಳು ಟೈಲರಮ್ಮ ಆ ಅಂಗೈಯಲ್ಲಿ.

ಸೈಕಲ್ಲನ್ನು ಗ್ಯಾರೇಜಿನ ಹಳೆಯ ಸಾಮಾನಿನಿಂದ ಅಪ್ಪನೇ ಜೋಡಿಸಿದ. ಹ್ಯಾಂಡಲ್ಲಿಗೆ ದೊಡ್ಡದೊಂದು ಗಂಟೆ ಹಾಕಿಸಿಕೊಂಡವಳು ಗುಬ್ಬಿ. ತನಗೆ ಎಂದೂ ಕೇಳಿಸದ ಗಂಟೆ. ಹೆದ್ದಾರಿಯ ಕಡೆ ಹೋಗಕೂಡದು, ಬೀದಿಯ ತಿರುವಿನ ತನಕ ಮಾತ್ರ ಎಂದು ಒಪ್ಪಂದವಾಯಿತು.

ಹೊರಡುವ ಮುಂಚೆ ಅವಳು ತಾಯಿಯ ಕೈ ಹಿಡಿದು, 'ಕಣ್ಣು ಮುಚ್ಚು' ಎಂದಳು. ಟೈಲರಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿದಳು. ಗಂಟೆ ಹತ್ತಿರದಲ್ಲೇ ಬಾರಿಸಿತು, ಮೆಲ್ಲಗೆ ಹೊರಟಿತು, ಬೀದಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತ ದೂರವಾಯಿತು. ಮಗಳು ಹೋಗುತ್ತಿದ್ದಳು. ಹೋಗುವುದೆಲ್ಲ ಅವಳಿಗೆ ಗೊತ್ತಾಗುತ್ತಿತ್ತು. ತಿರುವಿನ ಹತ್ತಿರ ಸದ್ದು ತೆಳುವಾಯಿತು, ಆಮೇಲೆ ಇಲ್ಲವಾಯಿತು. ಒಳಗಿನಿಂದ ಅತ್ತೆ ಏನೋ ಕೇಳಿದಳು. ಟೈಲರಮ್ಮ ಕಣ್ಣು ತೆರೆಯದೆ, ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ಕಿವಿಯನ್ನು ಬೀದಿಗೆ ಚಾಚಿ ನಿಂತಳು.